ಬೆಂಗಳೂರಿನ ನಲ್ಲಿ ನೀರು: ಮಾಲಿನ್ಯ ಮತ್ತು ಸುರಕ್ಷತೆಯ ಚಾರಿತ್ರಿಕ ಅವಲೋಕನ

ಪೀಠಿಕೆ

ನಗರ ಚರಿತ್ರೆಯ ಅಧ್ಯಯನಗಳಲ್ಲಿ ಕೋಟೆ, ಪೇಟೆ, ದೇವಾಲಯ, ಕೈಗಾರಿಕೆ ಮೊದಲಾದವುಗಳಿಗೆ ದೊರೆತಿರುವ ಗಮನವು ಕುಡಿಯುವ ನೀರಿಗೆ ದೊರೆತಿಲ್ಲ. ದೊರೆತಿರುವೆಡೆಯೂ ಚರ್ಚೆಯು ನೀರಿನ ಪ್ರಮಾಣವನ್ನು ಕುರಿತದ್ದೇ ಹೊರತು ಗುಣಮಟ್ಟವನ್ನು ಕುರಿತದ್ದಲ್ಲ. ಎಷ್ಟು ನೀರು ಬಂದಿತು, ಎಲ್ಲಿಂದ ಬಂದಿತು, ಯಾರ ಕಾಲದಲ್ಲಿ ಬಂದಿತು ಎಂಬ ವಿವರಗಳು ಗ್ಯಾಸೆಟಿಯರುಗಳಲ್ಲಿಯೂ ಆಡಳಿತ ವರದಿಗಳಲ್ಲಿಯೂ ಹೇರಳವಾಗಿವೆ. ಆದರೆ ಹಾಗೆ ಬಂದ ನೀರು ಕುಡಿಯಲು ಯೋಗ್ಯವಾಗಿತ್ತೆ, ಯೋಗ್ಯವೆಂದು ನಿರ್ಣಯಿಸುವ ಅಳತೆಗೋಲು ಯಾವುದು, ಆ ಅಳತೆಯನ್ನು ಎಲ್ಲಿ ನಿಂತು ಮಾಡಲಾಗುತ್ತಿತ್ತು ಎಂಬ ಪ್ರಶ್ನೆಗಳು ಹಿನ್ನೆಲೆಗೆ ಸರಿದಿವೆ.

ಈ ದೃಷ್ಟಿಯಿಂದ ಬೆಂಗಳೂರು ವಿಶೇಷ ಅಧ್ಯಯನಕ್ಕೆ ಅರ್ಹವಾದ ನಗರ. ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರ್ ಎತ್ತರದಲ್ಲಿ, ಒಂದು ದಿಣ್ಣೆಯ ಮೇಲೆ ನೆಲೆಗೊಂಡಿರುವ ಈ ನಗರದ ಪಶ್ಚಿಮದ ಮಳೆನೀರು ಅರ್ಕಾವತಿಯ ಮೂಲಕ ಕಾವೇರಿಯನ್ನೂ ಪೂರ್ವದ ನೀರು ದಕ್ಷಿಣ ಪಿನಾಕಿನಿಯನ್ನೂ ಸೇರುತ್ತದೆ. ವರ್ಷವಿಡೀ ಹರಿಯುವ ನದಿಯೊಂದೂ ಇದರ ಸಮೀಪದಲ್ಲಿಲ್ಲ. ಆದ್ದರಿಂದ ನೀರನ್ನು ಒಂದೋ ಇದ್ದಲ್ಲಿಯೇ ಹಿಡಿದಿಡಬೇಕು, ಇಲ್ಲವೇ ದೂರದಿಂದ ತರಬೇಕು. ಈ ಎರಡು ಮಾರ್ಗಗಳಲ್ಲಿ ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಹಿಡಿದ ಕಥೆಯೇ ಕಳೆದ ನೂರಮೂವತ್ತು ವರ್ಷಗಳ ಬೆಂಗಳೂರಿನ ಜಲಚರಿತ್ರೆ.

ಈ ಚರಿತ್ರೆಯನ್ನು ಕುರಿತು ಎರಡು ಅಭಿಪ್ರಾಯಗಳು ಪ್ರಚಲಿತವಾಗಿವೆ. ಮೊದಲನೆಯದು ಇದನ್ನು ಎಂಜಿನಿಯರಿಂಗ್ ಸಾಧನೆಯ ಸರಣಿಯೆಂದು ಕಾಣುತ್ತದೆ. ಎರಡನೆಯದು ಇದನ್ನು ಕೆರೆಗಳ ಅವನತಿಯ ಕಥೆಯೆಂದು ಕಾಣುತ್ತದೆ. ಎರಡರಲ್ಲಿಯೂ ಸತ್ಯಾಂಶವಿದೆಯಾದರೂ ನೀರಿನ ಸುರಕ್ಷತೆಯ ಪ್ರಶ್ನೆಗೆ ಎರಡೂ ಪೂರ್ಣ ಉತ್ತರವನ್ನು ನೀಡುವುದಿಲ್ಲ. ಪ್ರಸ್ತುತ ಪ್ರಬಂಧದಲ್ಲಿ ಮಾಲಿನ್ಯವು ಕಾಲಕಾಲಕ್ಕೆ ಎಲ್ಲಿಂದ ಎಲ್ಲಿಗೆ ಸ್ಥಳಾಂತರಗೊಂಡಿತು ಎಂಬುದನ್ನು ಗುರುತಿಸಿ, ಅದರ ಕಾರಣಗಳನ್ನು ಪರಿಶೀಲಿಸಲಾಗಿದೆ.

ಕೆರೆ, ಬಾವಿ ಮತ್ತು ಕಾರಂಜಿ

೧೮೯೬ಕ್ಕೆ ಮೊದಲು ಬೆಂಗಳೂರಿಗೆ ದೊರೆಯುತ್ತಿದ್ದುದು ಶೋಧಿಸದ ನೀರು. ಪೇಟೆಯ ಜನರು ಧರ್ಮಾಂಬುಧಿ, ಸಂಪಂಗಿ ಮೊದಲಾದ ಕೆರೆಗಳನ್ನೂ ಕಲ್ಯಾಣಿಗಳನ್ನೂ ಬಾವಿಗಳನ್ನೂ ಆಶ್ರಯಿಸಿದ್ದರು. ಕೆರೆಯ ನೀರು ಕಾರಂಜಿ ಎಂದು ಕರೆಯಲಾಗುತ್ತಿದ್ದ ಕಾಲುವೆಗಳ ಮೂಲಕ ಪೇಟೆಯ ಕೆಲವು ಭಾಗಗಳನ್ನು ತಲಪುತ್ತಿತ್ತು. ೧೮೦೯ರಲ್ಲಿ ಸ್ಥಾಪನೆಗೊಂಡ ದಂಡುಪ್ರದೇಶವು ಹಲಸೂರು ಕೆರೆಯನ್ನು ಅವಲಂಬಿಸಿತ್ತು. ದಂಡಿನ ಬೇಡಿಕೆ ಹೆಚ್ಚಿದಂತೆ ಕರ್ನಲ್ ರಿಚರ್ಡ್ ಸ್ಯಾಂಕಿಯವರು ೧೮೮೨ರಲ್ಲಿ ನಿರ್ಮಿಸಿದ, ಮುಂದೆ ಅವರ ಹೆಸರಿನಿಂದಲೇ ಪ್ರಸಿದ್ಧವಾದ ಕೆರೆಯೂ ಇದಕ್ಕೆ ಸೇರಿತು.

ಕೆರೆ ಕಟ್ಟಿಸುವುದನ್ನು ಸಪ್ತಸಂತಾನಗಳಲ್ಲಿ ಒಂದೆಂದು ಎಣಿಸಿದ ನಾಡು ಇದು. ಕೆರೆಯ ಏರಿ, ತೂಬು, ಕೋಡಿಗಳ ದುರಸ್ತಿಗೆ ಭೂಮಿ ಬಿಟ್ಟ ವಿವರಗಳು ಕನ್ನಡ ಶಾಸನಗಳಲ್ಲಿ ಸಾಮಾನ್ಯ. ನೀರುಗಂಟಿಯಂತಹ ಗ್ರಾಮಸೇವಕರು ನೀರಿನ ಹಂಚಿಕೆಯ ಹೊಣೆ ಹೊತ್ತಿದ್ದರು. ಆದರೆ ಒಂದು ಅಂಶವನ್ನು ಇಲ್ಲಿ ಮರೆಯಬಾರದು. ಈ ವ್ಯವಸ್ಥೆಯು ಮೂಲತಃ ಅಚ್ಚುಕಟ್ಟಿನ ವ್ಯವಸಾಯಕ್ಕಾಗಿ ರೂಪುಗೊಂಡದ್ದು. ಕೆರೆಯಲ್ಲಿ ದನಕರುಗಳ ಮೈ ತೊಳೆಯುವುದು, ಬಟ್ಟೆ ಒಗೆಯುವುದು, ಮೀನು ಹಿಡಿಯುವುದು ಎಲ್ಲವೂ ನಡೆಯುತ್ತಿದ್ದವು. ಹಳ್ಳಿಯ ಜನಸಂಖ್ಯೆಗೆ ಇದು ಸಹ್ಯವಾಗಿತ್ತು. ಕುಡಿಯುವ ನೀರಿಗೆ ಪ್ರತ್ಯೇಕ ಬಾವಿಗಳಿರುತ್ತಿದ್ದವು. ಆ ಬಾವಿಗಳಿಗೆ ಜಾತಿಯ ಕಟ್ಟುಪಾಡುಗಳಿದ್ದುದರಿಂದ ಒಳ್ಳೆಯ ನೀರು ಎಲ್ಲರಿಗೂ ಸಮಾನವಾಗಿ ದೊರೆಯುತ್ತಿರಲಿಲ್ಲ. ಜನವಸತಿ ದಟ್ಟವಾಗಿ, ಕಕ್ಕಸುಗಳ ಹೊಲಸು ಮತ್ತು ಬೀದಿಯ ಕೊಚ್ಚೆ ಇಳಿಜಾರಿನಲ್ಲಿ ಕೆರೆಗೆ ಸೇರತೊಡಗಿದಾಗ, ವ್ಯವಸಾಯಕ್ಕೆ ಒದಗಿದ್ದ ಕೆರೆಯು ಕುಡಿಯುವ ನೀರಿನ ಆಕರವಾಗಿ ಅಪಾಯಕಾರಿಯಾಯಿತು. ಕೆರೆಗಳ ಕಾಲವನ್ನು ಸುರಕ್ಷಿತ ನೀರಿನ ಕಾಲವೆಂದು ಭಾವಿಸುವುದು ಈ ಕಾರಣದಿಂದ ಸಮರ್ಥನೀಯವಲ್ಲ.

ಧಾತು ಈಶ್ವರ ಸಂವತ್ಸರಗಳ ಬರವೆಂದು ಜನಮನದಲ್ಲಿ ಉಳಿದಿರುವ ೧೮೭೬-೭೮ರ ಮಹಾಕ್ಷಾಮವು ಕೆರೆಗಳ ಮೇಲಿನ ಅವಲಂಬನೆ ಎಷ್ಟು ದುರ್ಬಲವೆಂಬುದನ್ನು ತೋರಿಸಿತು. ೧೮೮೪ರಲ್ಲಿ ರಾಬರ್ಟ್ ಕೋಖ್ ಅವರು ಕಲ್ಕತ್ತೆಯ ಒಂದು ಕೆರೆಯ ನೀರಿನಲ್ಲಿ ಕಾಲರಾ ರೋಗಾಣುವನ್ನು ಗುರುತಿಸಿದ ನಂತರ, ತೆರೆದ ಕೆರೆಯ ನೀರಿನ ಬಗೆಗಿನ ಸಂದೇಹವು ವೈಜ್ಞಾನಿಕ ಆಧಾರವನ್ನು ಪಡೆಯಿತು.

ಹೆಸರಘಟ್ಟ ಯೋಜನೆ

ಈ ಹಿನ್ನೆಲೆಯಲ್ಲಿ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತಾವಧಿಯಲ್ಲಿ ಹೆಸರಘಟ್ಟ ಯೋಜನೆಯು ಸಿದ್ಧವಾಯಿತು. ನಗರದ ವಾಯವ್ಯಕ್ಕೆ ಸುಮಾರು ೧೮ ಕಿಲೋಮೀಟರ್ ದೂರದಲ್ಲಿ, ಅರ್ಕಾವತಿಯ ಪಾತ್ರದಲ್ಲಿದ್ದ ಹಳೆಯ ಕೆರೆಯನ್ನು ೧೮೯೪ರಲ್ಲಿ ಪುನರ್ನಿರ್ಮಿಸುವ ಕಾರ್ಯ ಆರಂಭವಾಗಿ, ೧೮೯೬ರಲ್ಲಿ ನಗರಕ್ಕೂ ದಂಡುಪ್ರದೇಶಕ್ಕೂ ನೀರು ಹರಿಯಿತು. ೧೮೯೪ರ ಡಿಸೆಂಬರಿನಲ್ಲಿ ನಿಧನರಾದ ಶ್ರೀ ಚಾಮರಾಜೇಂದ್ರ ಒಡೆಯರ ಹೆಸರನ್ನು ಈ ಜಲಕಾಮಗಾರಿಗೆ ಇಡಲಾಯಿತು. ಕೆರೆಯಿಂದ ಇಟ್ಟಿಗೆಯ ಕಾಲುವೆಯಲ್ಲಿ ಸೋಲದೇವನಹಳ್ಳಿಯವರೆಗೆ ತಾನಾಗಿ ಹರಿದ ನೀರನ್ನು ಅಲ್ಲಿ ಹಬೆಯ ಯಂತ್ರಗಳಿಂದ ಮೇಲೆತ್ತಿ ನಗರದ ಕಡೆಗೆ ಕಳುಹಿಸಲಾಗುತ್ತಿತ್ತು. ಸುಮಾರು ಎರಡೂವರೆ ಲಕ್ಷ ಜನರಿಗೆ, ತಲೆಗೆ ದಿನವೊಂದಕ್ಕೆ ೫೫ ಲೀಟರಿನಷ್ಟು ನೀರನ್ನು ಒದಗಿಸುವುದು ಯೋಜನೆಯ ಉದ್ದೇಶವಾಗಿತ್ತು. ೧೮೯೧ರ ಜನಗಣತಿಯಂತೆ ನಗರ ಮತ್ತು ದಂಡುಪ್ರದೇಶಗಳೆರಡರ ಜನಸಂಖ್ಯೆ ೧,೮೦,೩೬೬ ಇದ್ದುದನ್ನು ಗಮನಿಸಿದರೆ ಮುಂದಿನ ಬೆಳವಣಿಗೆಗೂ ಅವಕಾಶವನ್ನು ಇಟ್ಟುಕೊಳ್ಳಲಾಗಿತ್ತೆಂಬುದು ಸ್ಪಷ್ಟ.

ಗುಣಮಟ್ಟದ ದೃಷ್ಟಿಯಿಂದ ಈ ಯೋಜನೆಯ ಮಹತ್ವ ಎರಡು ಬಗೆಯದು. ಮೊದಲನೆಯದಾಗಿ, ಕುಡಿಯುವ ನೀರಿನ ಆಕರವು ಜನವಸತಿಯಿಂದ ಪ್ರತ್ಯೇಕಗೊಂಡಿತು. ಎರಡನೆಯದಾಗಿ, ನೀರನ್ನು ಶೋಧಿಸಿ ಕೊಡಬೇಕೆಂಬ ತತ್ತ್ವವು ಅಂಗೀಕೃತವಾಯಿತು. ಮಲ್ಲೇಶ್ವರದಲ್ಲಿ ಸ್ಥಾಪನೆಗೊಂಡ, ಇಂದಿಗೂ ಜುವೆಲ್ ಫಿಲ್ಟರ್ ಎಂಬ ಹೆಸರಿನಿಂದಲೇ ಪರಿಚಿತವಾಗಿರುವ ಶೋಧಕಾಗಾರವು ಇದರ ಕುರುಹು. ಅಮೆರಿಕದಲ್ಲಿ ರೂಪುಗೊಂಡ ಈ ಬಗೆಯ ಯಾಂತ್ರಿಕ ಶೋಧಕಗಳಲ್ಲಿ ನೀರಿಗೆ ಪಟಿಕವನ್ನು ಬೆರೆಸಿ, ತೇಲುವ ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿ ದಪ್ಪವಾದ ಮೇಲೆ ಮರಳಿನ ಪದರದ ಮೂಲಕ ಹಾಯಿಸಲಾಗುತ್ತದೆ. ನೀರು ತಿಳಿಯಾಗುವುದರ ಜೊತೆಗೆ ಕಣಗಳಿಗೆ ಅಂಟಿಕೊಂಡ ರೋಗಾಣುಗಳಲ್ಲಿ ಬಹುಪಾಲು ಮರಳಿನಲ್ಲಿ ಉಳಿಯುತ್ತವೆ. ಉಳಿದವುಗಳನ್ನು ಕೊಲ್ಲುವ ಕ್ಲೋರಿನ್ ಬಳಕೆಯು ಇಂಗ್ಲೆಂಡಿನ ಲಿಂಕನ್ ನಗರದಲ್ಲಿ ೧೯೦೫ರಲ್ಲಿ, ಅಮೆರಿಕದ ಜರ್ಸಿ ಸಿಟಿಯಲ್ಲಿ ೧೯೦೮ರಲ್ಲಿ ವ್ಯವಸ್ಥಿತವಾಗಿ ಆರಂಭವಾಗಿ, ಅನಂತರದ ದಶಕಗಳಲ್ಲಿ ಭಾರತದ ನಗರಗಳಿಗೂ ಹರಡಿತು.

ಒಳಬಂದ ನೀರು, ಹೊರಹೋಗದ ಕೊಳೆ

ಹೆಸರಘಟ್ಟದ ನೀರು ಬಂದ ಎರಡೇ ವರ್ಷಗಳಲ್ಲಿ, ೧೮೯೮ರ ಆಗಸ್ಟಿನಲ್ಲಿ, ನಗರದಲ್ಲಿ ಪ್ಲೇಗು ಕಾಣಿಸಿಕೊಂಡಿತು. ಪ್ಲೇಗು ನೀರಿನಿಂದ ಹರಡುವ ರೋಗವಲ್ಲ. ಆದರೆ ಅದು ಪೇಟೆಯ ಇಕ್ಕಟ್ಟು ಮತ್ತು ನೈರ್ಮಲ್ಯದ ಅಭಾವಗಳನ್ನು ಆಡಳಿತದ ಕಣ್ಣಿಗೆ ತಂದಿತು. ೧೯೦೧ರ ಜನಗಣತಿಯಲ್ಲಿ ಜನಸಂಖ್ಯೆ ೧,೫೯,೦೪೬ಕ್ಕೆ ಇಳಿದುದು ಆ ಆಘಾತದ ತೀವ್ರತೆಯನ್ನು ಸೂಚಿಸುತ್ತದೆ. ಮಲ್ಲೇಶ್ವರ ಮತ್ತು ಬಸವನಗುಡಿ ಬಡಾವಣೆಗಳು ಬೆಳೆದುದು ಈ ಸಂದರ್ಭದಲ್ಲಿಯೇ. ಹೊಸ ಬಡಾವಣೆಗಳ ಅಗಲವಾದ ರಸ್ತೆಗಳು ಮತ್ತು ಮನೆಯ ಹಿಂದಿನ ಓಣಿಗಳು ನೈರ್ಮಲ್ಯದ ಹೊಸ ಕಲ್ಪನೆಯನ್ನು ಪ್ರತಿನಿಧಿಸುತ್ತವೆ.

ಇಲ್ಲಿ ಒಂದು ಅಂತರವನ್ನು ಗುರುತಿಸುವುದು ಅಗತ್ಯ. ಕೊಳವೆಯ ನೀರು ನಗರವನ್ನು ಪ್ರವೇಶಿಸಿದ್ದು ೧೮೯೬ರಲ್ಲಿ. ನಗರದ ಹೃದಯಭಾಗದಲ್ಲಿ ಭೂಗತ ಒಳಚರಂಡಿ ವ್ಯವಸ್ಥೆ ಆರಂಭವಾದದ್ದು ೧೯೨೨ರಲ್ಲಿ. ಅಂದರೆ ಇಪ್ಪತ್ತಾರು ವರ್ಷಗಳ ಕಾಲ, ಹೆಚ್ಚುತ್ತ ಹೋದ ನೀರು ಮನೆಗಳಲ್ಲಿ ಬಳಕೆಯಾಗಿ ತೆರೆದ ಚರಂಡಿ, ಹಳ್ಳ ಮತ್ತು ಕೆರೆಗಳನ್ನು ಸೇರಿತು. ಬಳಸಿದ ನೀರಿನ ಬಹುಪಾಲು ಕೊಳಚೆಯಾಗಿಯೇ ಹೊರಬರುತ್ತದೆಂಬ ಸರಳ ಲೆಕ್ಕವು ಯೋಜನೆಗಳಲ್ಲಿ ಎರಡನೆಯ ಸ್ಥಾನವನ್ನು ಪಡೆಯಿತು. ಮೊದಲು ನೀರು, ಆಮೇಲೆ ಚರಂಡಿ ಎಂಬ ಈ ಅನುಕ್ರಮವು ಮುಂದೆ ಪ್ರತಿಯೊಂದು ವಿಸ್ತರಣೆಯಲ್ಲಿಯೂ ಪುನರಾವರ್ತನೆಗೊಂಡಿತು.

ಗಮನಾರ್ಹವೆಂದರೆ, ಕೊಳಚೆಯ ಸಂಸ್ಕರಣೆಯ ಜ್ಞಾನವು ಇದೇ ನಗರದಲ್ಲಿ ಲಭ್ಯವಿತ್ತು. ಮ್ಯಾಂಚೆಸ್ಟರಿನಲ್ಲಿ ಸಕ್ರಿಯ ಕೆಸರಿನ ವಿಧಾನದ ಆವಿಷ್ಕಾರದೊಡನೆ ನಿಕಟ ಸಂಬಂಧ ಹೊಂದಿದ್ದ ಗಿಲ್ಬರ್ಟ್ ಫೌಲರ್ ಅವರು ೧೯೧೬ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದು, ಇಲ್ಲಿ ಆ ವಿಧಾನದ ಸಂಶೋಧನೆಯನ್ನು ಮುಂದುವರಿಸಿದರು. ಕೊಳಚೆಗೆ ಗಾಳಿಯೂಡಿ, ಅದರಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳಿಂದಲೇ ಅದನ್ನು ಶುದ್ಧಗೊಳಿಸುವ ಈ ಕ್ರಮವು ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಕೊರತೆಯು ತಿಳಿವಳಿಕೆಯದಾಗಿರಲಿಲ್ಲ, ಆದ್ಯತೆಯದಾಗಿತ್ತು ಎಂದು ಇದರಿಂದ ಹೇಳಬಹುದಾಗಿದೆ.

ಇದೇ ಅವಧಿಯಲ್ಲಿ ಹಳೆಯ ಕೆರೆಗಳ ಸ್ಥಾನಮಾನವೂ ಬದಲಾಯಿತು. ಕುಡಿಯುವ ನೀರು ಬೇರೆಡೆಯಿಂದ ಬರುತ್ತಿದ್ದುದರಿಂದ ಊರೊಳಗಿನ ಕೆರೆಯನ್ನು ಕಾಪಾಡುವ ಅಗತ್ಯ ಯಾರಿಗೂ ಕಾಣಲಿಲ್ಲ. ನೀರಿನ ಹರಿವು ಕಡಿದುಹೋದ ಧರ್ಮಾಂಬುಧಿಯು ಒಣಗಿ, ಕಾಲಕ್ರಮದಲ್ಲಿ ಕೆಂಪೇಗೌಡ ಬಸ್ ನಿಲ್ದಾಣಕ್ಕೆ ಎಡೆಯಾಯಿತು. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ನಿರ್ಮಾಣವಾಯಿತು. ಕೆರೆಗಳು ನಾಶವಾದುದಕ್ಕೆ ದುರಾಶೆಯೊಂದೇ ಕಾರಣವಲ್ಲ. ಕುಡಿಯುವ ನೀರಿನೊಡನೆ ಅವುಗಳಿಗಿದ್ದ ಸಂಬಂಧ ಕಡಿದುಹೋದುದೇ ಮೂಲ ಕಾರಣ.

ತಿಪ್ಪಗೊಂಡನಹಳ್ಳಿ: ಒಂದು ಜಲಾಶಯದ ಆಯುಷ್ಯ

೧೯೨೦ರ ದಶಕದಲ್ಲಿ ಮಳೆಯ ಅಭಾವದಿಂದ ಹೆಸರಘಟ್ಟ ಕೆರೆಯು ನಗರದ ಅಗತ್ಯವನ್ನು ಪೂರೈಸಲಾರದಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿ ನೇಮಕಗೊಂಡ ಸಮಿತಿಯ ಶಿಫಾರಸಿನಂತೆ ಅರ್ಕಾವತಿ ಮತ್ತು ಕುಮುದ್ವತಿ ನದಿಗಳ ಸಂಗಮದಲ್ಲಿ, ನಗರದ ಪಶ್ಚಿಮಕ್ಕೆ ಸುಮಾರು ೨೮ ಕಿಲೋಮೀಟರ್ ದೂರದ ತಿಪ್ಪಗೊಂಡನಹಳ್ಳಿಯಲ್ಲಿ ಜಲಾಶಯವನ್ನು ನಿರ್ಮಿಸಲಾಯಿತು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ, ೧೯೩೩ರಲ್ಲಿ ಪೂರ್ಣಗೊಂಡ ಈ ಜಲಾಶಯಕ್ಕೆ ಚಾಮರಾಜಸಾಗರವೆಂದು ಹೆಸರಾಯಿತು.

ನಂದಿಬೆಟ್ಟದ ತಪ್ಪಲಿನಿಂದ ಜಲಾಶಯದವರೆಗೆ ಸುಮಾರು ೧,೪೫೦ ಚದರ ಕಿಲೋಮೀಟರ್ ವಿಸ್ತಾರದ ಜಲಾನಯನ ಪ್ರದೇಶದ ನೀರು ಇಲ್ಲಿಗೆ ಬಂದು ಸೇರಬೇಕು. ಮಾರ್ಗದಲ್ಲಿ ಅನೇಕ ಕೆರೆಗಳು ಸರಪಣಿಯಂತೆ ಹೆಣೆದುಕೊಂಡಿದ್ದು, ಮೇಲಿನ ಕೆರೆಯ ಕೋಡಿ ಬಿದ್ದ ನೀರು ಕೆಳಗಿನ ಕೆರೆಯನ್ನು ತುಂಬಿಸುವ ಏರ್ಪಾಡಿತ್ತು. ಇಂಥ ಜಲಾಶಯದ ಸುರಕ್ಷತೆಯು ಅಣೆಕಟ್ಟಿನ ಗೋಡೆಯಲ್ಲಿರುವುದಿಲ್ಲ, ಅದು ಇಡೀ ಜಲಾನಯನ ಪ್ರದೇಶದ ಭೂಬಳಕೆಯಲ್ಲಿರುತ್ತದೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಆ ಭೂಬಳಕೆಯು ತೀವ್ರವಾಗಿ ಬದಲಾಯಿತು. ಕೊಳವೆಬಾವಿಗಳು ಅಂತರ್ಜಲವನ್ನು ಕುಗ್ಗಿಸಿದವು. ನೀಲಗಿರಿ ನೆಡುತೋಪುಗಳು ವಿಸ್ತರಿಸಿದವು. ಕಾಲುವೆಗಳು ಒತ್ತುವರಿಗೊಳಗಾದವು. ದೊಡ್ಡಬಳ್ಳಾಪುರದ ಜವಳಿ ಉದ್ಯಮದ ಬಣ್ಣದ ನೀರು, ಪೀಣ್ಯದ ಕಡೆಯ ಕೈಗಾರಿಕಾ ತ್ಯಾಜ್ಯ ಮತ್ತು ಬೆಳೆಯುತ್ತಿದ್ದ ಪಟ್ಟಣಗಳ ಕೊಳಚೆ ನದಿಯ ಪಾತ್ರವನ್ನು ಸೇರಿದವು. ಹರಿವು ಇಳಿದಂತೆ ಮಾಲಿನ್ಯವನ್ನು ತಿಳಿಗೊಳಿಸುವ ನೀರಿನ ಪ್ರಮಾಣವೂ ಇಳಿಯಿತು. ಹೀಗೆ ಕೊರತೆ ಮತ್ತು ಮಾಲಿನ್ಯಗಳು ಒಂದನ್ನೊಂದು ಬಲಪಡಿಸಿದವು.

ಕರ್ನಾಟಕ ಸರ್ಕಾರವು ೨೦೦೩ರ ನವೆಂಬರಿನಲ್ಲಿ ಹೊರಡಿಸಿದ ಅಧಿಸೂಚನೆಯು ಜಲಾನಯನ ಪ್ರದೇಶವನ್ನು ನಾಲ್ಕು ವಲಯಗಳಾಗಿ ವಿಂಗಡಿಸಿ, ಕಟ್ಟಡ ಮತ್ತು ಕೈಗಾರಿಕೆಗಳ ಮೇಲೆ ನಿರ್ಬಂಧಗಳನ್ನು ವಿಧಿಸಿತು. ಕುಡಿಯುವ ನೀರಿನ ಆಕರವನ್ನು ಅದರ ಮೂಲದಲ್ಲಿಯೇ ರಕ್ಷಿಸಬೇಕೆಂಬ ತತ್ತ್ವವನ್ನು ಒಪ್ಪಿಕೊಂಡ ಕ್ರಮವೆಂದು ಇದನ್ನು ಪರಿಗಣಿಸಬಹುದು. ಆದರೆ ಜಲಾಶಯ ನಿರ್ಮಾಣವಾಗಿ ಎಪ್ಪತ್ತು ವರ್ಷಗಳು ಕಳೆದ ಮೇಲೆ ಈ ರಕ್ಷಣೆ ಬಂದಿತು. ೨೦೧೨ರ ಸುಮಾರಿಗೆ ಇಲ್ಲಿಂದ ನಗರಕ್ಕೆ ನೀರು ಪೂರೈಸುವುದು ನಿಂತುಹೋಯಿತು. ಅದೇ ೨೦೧೨ರಲ್ಲಿ ದಿನಕ್ಕೆ ೫೦ ಕೋಟಿ ಲೀಟರ್ ನೀರನ್ನು ತರುವ ಕಾವೇರಿ ನಾಲ್ಕನೆಯ ಹಂತದ ಎರಡನೆಯ ಘಟ್ಟವು ಪೂರ್ಣಗೊಂಡಿತು. ಹತ್ತಿರದ ಆಕರವನ್ನು ಕಳೆದುಕೊಂಡ ನೋವು ನಗರಕ್ಕೆ ತಟ್ಟದಿರಲು ಇದೇ ಕಾರಣ. ಮುಂದೆ ಎತ್ತಿನಹೊಳೆಯ ನೀರನ್ನು ತಂದು ಈ ಜಲಾಶಯವನ್ನು ಮರಳಿ ಬಳಸುವ ಯೋಜನೆ ರೂಪುಗೊಂಡಿತಾದರೂ, ಅರ್ಕಾವತಿಯ ಸ್ವಂತ ನೀರಿನ ಪ್ರಶ್ನೆಗೆ ಅದು ಉತ್ತರವಾಗುವುದಿಲ್ಲ.

ಕಾವೇರಿಯ ಕಾಲ

೧೯೬೪ರಲ್ಲಿ ಶಾಸನದ ಮೂಲಕ ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯು ಸ್ಥಾಪನೆಗೊಂಡಿತು. ಮಂಡಳಿಯ ಹೆಸರಿನಲ್ಲಿಯೇ ನೀರು ಮತ್ತು ಒಳಚರಂಡಿ ಎರಡೂ ಸೇರಿದ್ದು, ಒಂದೇ ಸಂಸ್ಥೆಗೆ ಎರಡರ ಹೊಣೆಯನ್ನೂ ವಹಿಸಿದ್ದು ಮಹತ್ವದ ಹೆಜ್ಜೆ. ಕಾವೇರಿಯ ಮೊದಲ ಹಂತವು ೧೯೭೪ರಲ್ಲಿ, ಎರಡನೆಯದು ೧೯೮೨ರಲ್ಲಿ, ಮೂರನೆಯದು ೧೯೯೩ರಲ್ಲಿ, ನಾಲ್ಕನೆಯ ಹಂತದ ಮೊದಲ ಘಟ್ಟವು ೨೦೦೨ರಲ್ಲಿ ಪೂರ್ಣಗೊಂಡವು. ಜಪಾನಿನ ಸಾಲದ ನೆರವಿನಿಂದ ನಿರ್ಮಾಣಗೊಂಡ, ದಿನಕ್ಕೆ ೭೭.೫ ಕೋಟಿ ಲೀಟರ್ ಸಾಮರ್ಥ್ಯದ ಐದನೆಯ ಹಂತವು ೨೦೨೪ರ ಅಕ್ಟೋಬರ್ ೧೬ರಂದು ಉದ್ಘಾಟನೆಗೊಂಡಿತು. ೨೦೦೭ರಲ್ಲಿ ಮಹಾನಗರ ಪಾಲಿಕೆಗೆ ಸೇರಿದ ೧೧೦ ಹಳ್ಳಿಗಳಿಗೆ ನೀರು ಒದಗಿಸುವುದು ಇದರ ಮುಖ್ಯ ಉದ್ದೇಶ. ಈ ಹಳ್ಳಿಗಳು ನಗರವಾಗಿ ಹದಿನೇಳು ವರ್ಷಗಳ ನಂತರ ಅವುಗಳ ಪಾಲಿನ ಕಾವೇರಿ ಬಂದಿತೆಂಬುದು ಉಲ್ಲೇಖಾರ್ಹ.

ಶಿವನಸಮುದ್ರದ ಸಮೀಪದಲ್ಲಿ ನದಿಯಿಂದ ಪಡೆದ ನೀರನ್ನು ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿ, ಹಾರೋಹಳ್ಳಿ ಮತ್ತು ತಾತಗುಣಿಗಳಲ್ಲಿ ಮತ್ತೆ ಮೇಲೆತ್ತಿ, ಸುಮಾರು ನೂರು ಕಿಲೋಮೀಟರ್ ದೂರ ಮತ್ತು ಸುಮಾರು ಐನೂರು ಮೀಟರ್ ಎತ್ತರಕ್ಕೆ ಸಾಗಿಸಲಾಗುತ್ತದೆ. ಶುದ್ಧೀಕರಣದ ಕ್ರಮವು ಹೆಸರಘಟ್ಟ ಕಾಲದ ತತ್ತ್ವವನ್ನೇ ಅನುಸರಿಸುತ್ತದೆ. ನೀರಿಗೆ ಗಾಳಿಯಾಡಿಸಿ, ಪಟಿಕ ಬೆರೆಸಿ, ಕೆಸರನ್ನು ತಳಕ್ಕೆ ಇಳಿಯಗೊಟ್ಟು, ಮರಳಿನಲ್ಲಿ ಶೋಧಿಸಿ, ಕೊನೆಗೆ ಕ್ಲೋರಿನ್ ಸೇರಿಸಲಾಗುತ್ತದೆ. ನಗರದ ಕೊಳಚೆಯನ್ನು ಹೊತ್ತ ವೃಷಭಾವತಿಯು ಅರ್ಕಾವತಿಯನ್ನು ಸೇರಿ, ಅರ್ಕಾವತಿಯು ಸಂಗಮದಲ್ಲಿ ಕಾವೇರಿಯನ್ನು ಸೇರುವುದು ಶಿವನಸಮುದ್ರಕ್ಕಿಂತ ಕೆಳಗೆ. ಆದ್ದರಿಂದ ಬೆಂಗಳೂರು ತನ್ನ ಕೊಳಚೆಯನ್ನು ತಾನೇ ಕುಡಿಯಬೇಕಾಗಿ ಬಂದಿಲ್ಲ. ಬೈರಮಂಗಲ ಕೆರೆಯ ಸುತ್ತಲಿನ ರೈತರು ಮತ್ತು ನದಿಯ ಕೆಳಗಿನ ಊರುಗಳ ಜನರು ಆ ಭಾರವನ್ನು ಹೊತ್ತಿದ್ದಾರೆ. ಒಂದು ನಗರದ ಸುರಕ್ಷತೆಯು ಇನ್ನೊಂದು ಪ್ರದೇಶದ ಅಸುರಕ್ಷತೆಯಾಗಿ ಪರಿಣಮಿಸುವ ಈ ಸ್ಥಿತಿಯನ್ನು ಚರಿತ್ರಕಾರರು ಗಮನಿಸಬೇಕಾಗಿದೆ.

ಕೊಳವೆಯೊಳಗಿನ ಅಪಾಯ

ತೊರೆಕಾಡನಹಳ್ಳಿಯಿಂದ ಹೊರಟ ನೀರು ಮನೆಯ ನಲ್ಲಿಯನ್ನು ತಲಪುವಾಗಲೂ ಅದೇ ಗುಣಮಟ್ಟದಲ್ಲಿರುತ್ತದೆಂದು ಹೇಳಲಾಗದು. ನೀರನ್ನು ಸದಾಕಾಲ ಒತ್ತಡದಲ್ಲಿ ಇಡದೆ, ಬಡಾವಣೆಗೊಂದು ಸರದಿಯಂತೆ, ಹಲವೆಡೆ ದಿನ ಬಿಟ್ಟು ದಿನ, ಕೆಲವು ಗಂಟೆಗಳ ಕಾಲ ಬಿಡುವ ಪದ್ಧತಿಯಿದೆ. ನೀರು ನಿಂತ ಮೇಲೆ ಕೊಳವೆ ಬರಿದಾಗಿ, ಒಳಗಿನ ಒತ್ತಡವು ಹೊರಗಿನ ಒತ್ತಡಕ್ಕಿಂತ ಕಡಿಮೆಯಾಗುತ್ತದೆ. ಆಗ ತುಕ್ಕು ಹಿಡಿದ ಕೊಳವೆಯ ಬಿರುಕು ಮತ್ತು ಸಡಿಲಗೊಂಡ ಜೋಡಣೆಗಳ ಮೂಲಕ ಸುತ್ತಲಿನ ಮಣ್ಣಿನ ತೇವವು ಒಳಕ್ಕೆ ಸೇರುತ್ತದೆ. ಪಕ್ಕದಲ್ಲಿಯೇ ಒಳಚರಂಡಿಯ ಕೊಳವೆ ಸೋರುತ್ತಿದ್ದರೆ ಒಳಸೇರುವುದು ಕೊಳಚೆಯೇ. ಶುದ್ಧೀಕರಣ ಘಟಕದಲ್ಲಿ ಬೆರೆಸಿದ ಕ್ಲೋರಿನ್ ಇಂಥ ಸಂದರ್ಭಕ್ಕೆಂದೇ ಸ್ವಲ್ಪ ಉಳಿದಿರಬೇಕು. ಆದರೆ ದೂರದ ಪಯಣದಲ್ಲಿ ಅದು ಕ್ಷೀಣಿಸುತ್ತದೆ, ದೊಡ್ಡ ಪ್ರಮಾಣದ ಕೊಳಚೆಯನ್ನು ಎದುರಿಸಲಾರದು. ಮತ್ತೆ ನೀರು ಬಿಟ್ಟಾಗ ಮೊದಲ ಕೊಡಗಳು ಕಲಕಾಗಿ, ವಾಸನೆಯಿಂದ ಕೂಡಿ ಬರುವುದು ನಗರವಾಸಿಗಳ ಸಾಮಾನ್ಯ ಅನುಭವ. ಆ ನೀರನ್ನು ಪಾತ್ರೆ ತೊಳೆಯಲು ಅಥವಾ ಅಂಗಳಕ್ಕೆ ಬಳಸುವ ರೂಢಿಯು ಜನರು ತಾವಾಗಿಯೇ ಕಂಡುಕೊಂಡ ರಕ್ಷಣೋಪಾಯ. ಬೀದಿ ನಲ್ಲಿಯಲ್ಲಿ ಎರಡು ಕೊಡಕ್ಕಾಗಿ ಸರದಿ ಕಾಯುವವರಿಗೆ ಮೊದಲ ಕೊಡವನ್ನು ಚೆಲ್ಲುವ ಅವಕಾಶವೂ ಇರುವುದಿಲ್ಲ.

ಸರದಿಯ ಪೂರೈಕೆಯಿಂದ ಇನ್ನೊಂದು ಪರಿಣಾಮವೂ ಉಂಟಾಯಿತು. ಪ್ರತಿ ಮನೆಯೂ ನೆಲದಡಿಯ ಸಂಪು ಮತ್ತು ಮಾಳಿಗೆಯ ಮೇಲಿನ ತೊಟ್ಟಿಯನ್ನು ಕಟ್ಟಿಕೊಳ್ಳಬೇಕಾಯಿತು. ನಲ್ಲಿ ನೀರು, ಕೊಳವೆಬಾವಿಯ ನೀರು ಮತ್ತು ಟ್ಯಾಂಕರ್ ನೀರು ಒಂದೇ ಸಂಪಿನಲ್ಲಿ ಕೂಡಿದ ಮೇಲೆ ಮಾಲಿನ್ಯದ ಮೂಲವನ್ನು ಗುರುತಿಸುವುದಾಗಲಿ, ಹೊಣೆಯನ್ನು ನಿಗದಿಪಡಿಸುವುದಾಗಲಿ ಕಷ್ಟಸಾಧ್ಯ. ೨೦೨೪ರ ಏಪ್ರಿಲಿನಲ್ಲಿ, ನೀರಿನ ತೀವ್ರ ಅಭಾವದ ನಡುವೆ, ನಗರದಲ್ಲಿ ಕಾಲರಾ ಪ್ರಕರಣಗಳು ವರದಿಯಾದುದು ಹತ್ತೊಂಬತ್ತನೆಯ ಶತಮಾನದ ಪ್ರಶ್ನೆಯು ಇನ್ನೂ ಮುಗಿದಿಲ್ಲವೆಂಬುದನ್ನು ನೆನಪಿಸಿತು.

ಕ್ಲೋರಿನ್ನಿಗೂ ಅದರದೇ ಮಿತಿಗಳಿವೆ. ನೀರಿನಲ್ಲಿರುವ ಸಾವಯವ ಪದಾರ್ಥಗಳೊಡನೆ ಅದು ಬೆರೆತಾಗ ಟ್ರೈಹ್ಯಾಲೋಮೀಥೇನ್ ಎಂಬ ಹಾನಿಕಾರಕ ಸಂಯುಕ್ತಗಳು ಉಂಟಾಗುತ್ತವೆಂಬುದು ೧೯೭೪ರಲ್ಲಿ ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ನಡೆದ ಸಂಶೋಧನೆಯಿಂದ ತಿಳಿದುಬಂದಿತು. ಆದರೂ ರೋಗಾಣುಗಳಿಂದ ತಕ್ಷಣವೇ ಒದಗುವ ಅಪಾಯವು ಇದಕ್ಕಿಂತ ಬಹಳ ದೊಡ್ಡದಾದುದರಿಂದ ಕ್ಲೋರಿನ್ನನ್ನು ಕೈಬಿಡುವ ಪ್ರಶ್ನೆ ಉದ್ಭವಿಸುವುದಿಲ್ಲ. ಮೂಲದ ನೀರಿನಲ್ಲಿ ಕೊಳೆ ಕಡಿಮೆಯಿದ್ದಷ್ಟೂ ಕ್ಲೋರಿನ್ ಕಡಿಮೆ ಸಾಕು ಎಂಬುದೇ ಇದರ ಸಾರ. ಚರ್ಚೆಯು ಮತ್ತೆ ಮೂಲದ ರಕ್ಷಣೆಗೇ ಬಂದು ನಿಲ್ಲುತ್ತದೆ.

ಕೊಳವೆಬಾವಿ ಮತ್ತು ಕಣ್ಣಿಗೆ ಕಾಣದ ಮಾಲಿನ್ಯ

ಕಾವೇರಿ ತಲಪದ ಬಡಾವಣೆಗಳನ್ನು ಕೊಳವೆಬಾವಿಗಳು ಸಾಕಿದವು. ಇಲ್ಲಿಯ ಮಾಲಿನ್ಯದ ಸ್ವರೂಪವೇ ಬೇರೆ. ಕೊಳಚೆಯು ಭೂಮಿಗೆ ಇಂಗಿ, ಅದರಲ್ಲಿಯ ಸಾರಜನಕವು ನೈಟ್ರೇಟ್ ಆಗಿ ಮಾರ್ಪಟ್ಟು ಅಂತರ್ಜಲವನ್ನು ಸೇರುತ್ತದೆ. ನೈಟ್ರೇಟ್ ಬೆರೆತ ನೀರು ತಿಳಿಯಾಗಿಯೇ ಇರುತ್ತದೆ, ಬಣ್ಣ ವಾಸನೆಗಳಿರುವುದಿಲ್ಲ. ಹಸುಳೆಗಳಲ್ಲಿ ಅದು ರಕ್ತವು ಆಮ್ಲಜನಕವನ್ನು ಸಾಗಿಸುವ ಶಕ್ತಿಯನ್ನು ಕುಗ್ಗಿಸುತ್ತದೆ. ನೀರನ್ನು ಕುದಿಸುವುದರಿಂದ ರೋಗಾಣುಗಳು ಸಾಯುತ್ತವೆಯೇ ಹೊರತು ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಪರಂಪರಾಗತವಾದ ಕಾಯಿಸಿ ಆರಿಸುವ ಕ್ರಮವು ಇಲ್ಲಿ ನೆರವಿಗೆ ಬಾರದು. ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಲೋಹಲೇಪನ ಉದ್ಯಮಗಳಿಂದ ಬಂದ ಕ್ರೋಮಿಯಂ ದಾಖಲಾಗಿರುವುದು ಇದೇ ವರ್ಗದ ಇನ್ನೊಂದು ನಿದರ್ಶನ.

೨೦೨೪ರ ಮಾರ್ಚ್ ತಿಂಗಳಲ್ಲಿ ಸರ್ಕಾರ ನೀಡಿದ ಮಾಹಿತಿಯಂತೆ ನಗರದ ಸುಮಾರು ೧೩,೯೦೦ ಸಾರ್ವಜನಿಕ ಕೊಳವೆಬಾವಿಗಳಲ್ಲಿ ಸುಮಾರು ೬,೯೦೦ ಬತ್ತಿದ್ದವು. ವಾಹನ ತೊಳೆಯುವುದು ಮೊದಲಾದ ಕಾರ್ಯಗಳಿಗೆ ಕುಡಿಯುವ ನೀರನ್ನು ಬಳಸಿದರೆ ೫,೦೦೦ ರೂಪಾಯಿ ದಂಡವನ್ನು ವಿಧಿಸಲಾಯಿತು. ಅಂತರ್ಜಲದ ಪ್ರಶ್ನೆಯು ಅಂತರರಾಜ್ಯ ವ್ಯಾಜ್ಯದಲ್ಲಿಯೂ ಸ್ಥಾನ ಪಡೆದಿತ್ತು. ಕಾವೇರಿ ನ್ಯಾಯಮಂಡಳಿಯು ೨೦೦೭ರ ತನ್ನ ತೀರ್ಪಿನಲ್ಲಿ ಬೆಂಗಳೂರಿನ ಮೂರನೆಯ ಒಂದು ಭಾಗ ಮಾತ್ರ ಕಾವೇರಿ ಕೊಳ್ಳದಲ್ಲಿದೆಯೆಂದೂ ಕುಡಿಯುವ ನೀರಿನ ಅರ್ಧಾಂಶವು ಅಂತರ್ಜಲದಿಂದ ದೊರೆಯುವುದೆಂದೂ ಭಾವಿಸಿತ್ತು. ಸರ್ವೋಚ್ಚ ನ್ಯಾಯಾಲಯವು ೨೦೧೮ರ ಫೆಬ್ರವರಿ ೧೬ರ ತೀರ್ಪಿನಲ್ಲಿ ಈ ಊಹೆಗಳನ್ನು ಒಪ್ಪದೆ ನಗರಕ್ಕಾಗಿ ೪.೭೫ ಟಿ.ಎಂ.ಸಿ. ನೀರನ್ನು ಹೆಚ್ಚುವರಿಯಾಗಿ ನೀಡಿತು. ಕಾಗದದ ಮೇಲೆ ಲಭ್ಯವೆನಿಸಿದ ಅಂತರ್ಜಲವು ಬಾವಿಯಲ್ಲಿ ಇದೆಯೇ, ಇದ್ದರೂ ಕುಡಿಯಲು ಯೋಗ್ಯವೇ ಎಂಬುದು ಲೆಕ್ಕಾಚಾರಗಳಲ್ಲಿ ಬಹುಕಾಲ ಸೇರಿರಲಿಲ್ಲ.

ಅಳತೆಗೋಲು ಮತ್ತು ಹೊಣೆ

ಭಾರತೀಯ ಮಾನಕ ಸಂಸ್ಥೆಯು ಕುಡಿಯುವ ನೀರಿಗೆ ೧೯೮೩ರಲ್ಲಿ ೧೦೫೦೦ ಸಂಖ್ಯೆಯ ಮಾನಕವನ್ನು ರೂಪಿಸಿ, ೧೯೯೧ ಮತ್ತು ೨೦೧೨ರಲ್ಲಿ ಪರಿಷ್ಕರಿಸಿತು. ಅದರಂತೆ ೧೦೦ ಮಿಲಿಲೀಟರ್ ನೀರಿನ ಯಾವ ಮಾದರಿಯಲ್ಲಿಯೂ ಮಲಮೂಲದ ಈ-ಕೋಲಿ ರೋಗಾಣು ಕಾಣಬಾರದು. ನೈಟ್ರೇಟ್ ಲೀಟರಿಗೆ ೪೫ ಮಿಲಿಗ್ರಾಂ ಮೀರಬಾರದು. ಫ್ಲೋರೈಡ್ ೧ ಮಿಲಿಗ್ರಾಂ ಒಳಗಿರಬೇಕು, ಬೇರೆ ಆಕರವಿಲ್ಲದಿದ್ದಲ್ಲಿ ೧.೫ರವರೆಗೆ ಸಹ್ಯ. ಉಳಿಕೆ ಕ್ಲೋರಿನ್ ಕನಿಷ್ಠ ೦.೨ ಮಿಲಿಗ್ರಾಂ ಇರಬೇಕು. ಆದರೆ ನೀರು ಸರಬರಾಜು ಸಂಸ್ಥೆಗಳ ಮಟ್ಟಿಗೆ ಈ ಮಾನಕದ ಪಾಲನೆ ಕಾನೂನಿನಂತೆ ಕಡ್ಡಾಯವಾಗಿಲ್ಲ. ಇದಕ್ಕೆ ಪ್ರತಿಯಾಗಿ ಬಾಟಲಿ ನೀರಿಗೆ ೨೦೦೧ರಿಂದ ಎರಡು ದಶಕಗಳಿಗೂ ಹೆಚ್ಚು ಕಾಲ ಮಾನಕ ಸಂಸ್ಥೆಯ ಪ್ರಮಾಣಪತ್ರ ಕಡ್ಡಾಯವಾಗಿತ್ತು. ಹಣ ಕೊಟ್ಟು ಬಾಟಲಿ ಕೊಳ್ಳುವವನಿಗೆ ದೊರೆತ ಕಾನೂನಿನ ರಕ್ಷಣೆಯು ನಲ್ಲಿಯ ನೀರನ್ನೇ ನಂಬಿದವನಿಗೆ ದೊರೆಯಲಿಲ್ಲ.

೨೦೧೯ರ ನವೆಂಬರಿನಲ್ಲಿ ಕೇಂದ್ರ ಸರ್ಕಾರವು ರಾಜ್ಯಗಳ ರಾಜಧಾನಿಗಳ ನಲ್ಲಿ ನೀರಿನ ಪರೀಕ್ಷೆಯ ಫಲಿತಾಂಶವನ್ನು ಪ್ರಕಟಿಸಿದಾಗ ಮುಂಬಯಿಯ ಎಲ್ಲ ಮಾದರಿಗಳೂ ಮಾನಕಕ್ಕೆ ಅನುಗುಣವಾಗಿದ್ದವು. ಬೆಂಗಳೂರಿನ ಯಾವ ಮಾದರಿಯೂ ಪೂರ್ಣವಾಗಿ ಅನುಗುಣವಾಗಿರಲಿಲ್ಲ. ಪರೀಕ್ಷಿಸಿದ ಮಾದರಿಗಳು ಕೆಲವೇ ಆದುದರಿಂದ ಇದರಿಂದ ಇಡೀ ನಗರದ ಬಗ್ಗೆ ಅಂತಿಮ ನಿರ್ಣಯಕ್ಕೆ ಬರುವುದು ಯುಕ್ತವಲ್ಲ. ಆದರೆ ಮಾದರಿಗಳನ್ನು ಶುದ್ಧೀಕರಣ ಘಟಕದ ಬಾಗಿಲಲ್ಲಿ ತೆಗೆದುಕೊಳ್ಳದೆ ಬಳಕೆದಾರನ ನಲ್ಲಿಯಲ್ಲಿ ತೆಗೆದುಕೊಂಡದ್ದು ಈ ಪರೀಕ್ಷೆಯ ನಿಜವಾದ ಮಹತ್ವ. ಅಳತೆಯ ಸ್ಥಳವು ಬದಲಾದರೆ ಸುರಕ್ಷತೆಯ ಚಿತ್ರವೇ ಬದಲಾಗುತ್ತದೆ.

ಉಪಸಂಹಾರ

ಮೇಲಿನ ಅವಲೋಕನದಿಂದ ಮೂರು ನಿರ್ಣಯಗಳಿಗೆ ಬರಬಹುದಾಗಿದೆ. ಮೊದಲನೆಯದಾಗಿ, ಬೆಂಗಳೂರಿನಲ್ಲಿ ಮಾಲಿನ್ಯವು ನಿವಾರಣೆಯಾಗಿಲ್ಲ, ಸ್ಥಳಾಂತರಗೊಂಡಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಕೆರೆಯಲ್ಲಿತ್ತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಜಲಾನಯನ ಪ್ರದೇಶಕ್ಕೆ ಹರಡಿತು. ಈಗ ಅದು ರಸ್ತೆಯ ಕೆಳಗಿನ ಕೊಳವೆಯಲ್ಲಿಯೂ ಅಂತರ್ಜಲದಲ್ಲಿಯೂ ಇದೆ. ಎರಡನೆಯದಾಗಿ, ಹತ್ತಿರದ ಆಕರವು ಕೆಟ್ಟಾಗಲೆಲ್ಲ ನಗರವು ಅದನ್ನು ಸರಿಪಡಿಸುವುದಕ್ಕೆ ಬದಲಾಗಿ ಇನ್ನೂ ದೂರದ ಆಕರವನ್ನು ಹುಡುಕಿತು. ಹದಿನೆಂಟು ಕಿಲೋಮೀಟರ್, ಇಪ್ಪತ್ತೆಂಟು ಕಿಲೋಮೀಟರ್, ನೂರು ಕಿಲೋಮೀಟರ್ ಎಂದು ಬೆಳೆದ ಅಂತರವು ಇದರ ಅಳತೆ. ದೂರದ ನೀರು ಸಾಲದೆ ಬಂದುದರಿಂದ ಸರದಿಯ ಪೂರೈಕೆ ಅನಿವಾರ್ಯವಾಯಿತು, ಸರದಿಯ ಪೂರೈಕೆಯಿಂದ ಕೊಳವೆಯೊಳಗೆ ಮಾಲಿನ್ಯಕ್ಕೆ ದಾರಿಯಾಯಿತು. ಮೂರನೆಯದಾಗಿ, ನೀರನ್ನು ತರುವ ಕಾರ್ಯವು ಯಾವಾಗಲೂ ಕೊಳಚೆಯನ್ನು ಸಾಗಿಸುವ ಕಾರ್ಯಕ್ಕಿಂತ ಮುಂದೆ ಓಡಿತು. ೧೮೯೬ ಮತ್ತು ೧೯೨೨ರ ನಡುವಿನ ಅಂತರದಲ್ಲಿ ಮೊದಲು ಕಾಣಿಸಿಕೊಂಡ ಈ ದೋಷವೇ ಇಂದಿನ ಅಂತರ್ಜಲದ ನೈಟ್ರೇಟಿನಲ್ಲಿ ಫಲ ಕೊಟ್ಟಿದೆ.

ಹೆಸರಘಟ್ಟ, ಚಾಮರಾಜಸಾಗರ ಮತ್ತು ಕಾವೇರಿ ಯೋಜನೆಗಳ ಹಿರಿಮೆಯನ್ನು ಇದು ಕುಗ್ಗಿಸುವುದಿಲ್ಲ. ಅವುಗಳಿಲ್ಲದೆ ನಗರವೇ ಇರುತ್ತಿರಲಿಲ್ಲ. ಆದರೆ ಜಲಾಶಯದ ಉದ್ಘಾಟನೆಯ ದಿನಾಂಕಗಳಿಂದ ಮಾತ್ರ ನಗರದ ಜಲಚರಿತ್ರೆಯನ್ನು ರಚಿಸಲಾಗದು. ಮಂಡಳಿಯ ನೀರು ಪರೀಕ್ಷೆಯ ದಾಖಲೆಗಳು, ಆಸ್ಪತ್ರೆಗಳ ವಾಂತಿಭೇದಿ ಪ್ರಕರಣಗಳ ವಿವರಗಳು, ಪುರಸಭೆಗಳ ಕಾಲದ ಆರೋಗ್ಯಾಧಿಕಾರಿಗಳ ವರದಿಗಳು ಮತ್ತು ಬಡಾವಣೆಗಳ ಜನರ ನೆನಪುಗಳನ್ನು ಒಟ್ಟಿಗೆ ಇಟ್ಟು ಓದುವ ಕಾರ್ಯ ನಡೆಯಬೇಕಾಗಿದೆ. ಸರದಿಯ ಕೊನೆಯಲ್ಲಿರುವ ಮನೆಯ ನಲ್ಲಿಯಿಂದ ಬಿದ್ದ ಮೊದಲ ಕೊಡದ ನೀರು ಹೇಗಿತ್ತೆಂಬುದನ್ನು ದಾಖಲಿಸಿದಾಗ ಮಾತ್ರ ಈ ಚರಿತ್ರೆಯು ಪೂರ್ಣವಾಗುತ್ತದೆ.